ಮೊಣಕಾಲು ಸವೆತಕ್ಕೆ ಆಕ್ಯುಪಂಕ್ಚರ್: ರೋಗಿಗಳು ತಿಳಿಯಬೇಕಾದದ್ದು

ಯರಗೇರಾ, ಮಾನ್ವಿ, ದೇವದುರ್ಗದ ಕಡೆ ಹತ್ತಿ ಬಿಡಿಸುವುದು, ಭತ್ತದ ನಾಟಿ, ಕಳೆ ತೆಗೆಯುವುದು ಎಲ್ಲವೂ ಬಾಗಿ ಇಲ್ಲವೆ ಕುಕ್ಕರಗಾಲಿನಲ್ಲಿ ಕುಳಿತು ಮಾಡುವ ಕೆಲಸ. ಮೊಣಕಾಲು ನೋವು ಬಂದರೆ ಅಂದಿನ ಕೂಲಿಯೂ ತಪ್ಪುತ್ತದೆ. ಆದ್ದರಿಂದ "ಸೂಜಿ ಚಿಕಿತ್ಸೆಯಿಂದ ಗುಣವಾದೀತೆ?" ಎಂದು ಕೇಳುವುದು ಸಹಜ.

ಸವೆತ ಎಂದರೇನು?
ಕೀಲಿನಲ್ಲಿ ಎಲುಬುಗಳ ತುದಿಗೆ ಮೃದ್ವಸ್ಥಿ ಎಂಬ ನುಣುಪಾದ ಹೊದಿಕೆ ಇರುತ್ತದೆ. ವಯಸ್ಸು, ಹೆಚ್ಚಿದ ತೂಕ, ಹಳೆಯ ಪೆಟ್ಟು, ವರ್ಷಗಟ್ಟಲೆ ಕುಕ್ಕರಗಾಲಿನ ದುಡಿಮೆಯಿಂದ ಅದು ಸವೆಯುತ್ತದೆ. ಆಗ ನೋವು, ಬಿಗಿತ, ಬಾವು ಕಾಣಿಸಿಕೊಳ್ಳುತ್ತವೆ.

ಈ ಚಿಕಿತ್ಸೆ ಎಲ್ಲಿಯದು?
ಇದು ಚೀನಾದ 2000 ವರ್ಷಕ್ಕೂ ಹಳೆಯ ಪದ್ಧತಿ. 1938ರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೊಟ್ನೀಸ್ ಸೇರಿ ಐವರು ಭಾರತೀಯ ವೈದ್ಯರು ಸೇವೆಗೆಂದು ಚೀನಾಕ್ಕೆ ಹೋಗಿದ್ದರು. ಅದೇ ತಂಡದ ಡಾ. ಬಿಜಯಕುಮಾರ ಬಸು ಮುಂದೆ ಅಲ್ಲಿ ಇದನ್ನು ಕಲಿತು ಬಂದು ಕಲ್ಕತ್ತೆಯಲ್ಲಿ ಬಳಕೆಗೆ ತಂದರು. 2019ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯತೆ ನೀಡಿತು.

ಹೇಗೆ ಮಾಡುತ್ತಾರೆ?
ಕೂದಲಿನಂಥ ತೆಳು ಸೂಜಿಗಳನ್ನು ಮೊಣಕಾಲಿನ ಸುತ್ತಲಿನ ಚರ್ಮ, ಸ್ನಾಯುಗಳಿಗೆ ಚುಚ್ಚಿ 20ರಿಂದ 30 ನಿಮಿಷ ಬಿಡುತ್ತಾರೆ. ಸೂಜಿಯಲ್ಲಿ ಔಷಧಿ ಇರುವುದಿಲ್ಲ. ನರಗಳು ಪ್ರಚೋದನೆಗೊಂಡು, ದೇಹ ತಾನೇ ಸ್ರವಿಸುವ ನೋವುಶಾಮಕಗಳು ಹೆಚ್ಚುತ್ತವೆ ಎಂಬುದು ಒಂದು ವಿವರಣೆ. ಸಾಮಾನ್ಯವಾಗಿ ವಾರಕ್ಕೆ ಒಂದೆರಡು ಸಲದಂತೆ ಕೆಲವು ವಾರ ಮಾಡಿಸಬೇಕಾಗುತ್ತದೆ.

ಗುಣ ಎಷ್ಟು?
2004ರಲ್ಲಿ ಅಮೆರಿಕದಲ್ಲಿ 570 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ನೋವು ಸ್ವಲ್ಪ ಇಳಿದು ಮೊಣಕಾಲಿನ ಕಾರ್ಯ ಸುಧಾರಿಸಿತು. 2006ರಲ್ಲಿ ಜರ್ಮನಿಯ ಸುಮಾರು 1000 ರೋಗಿಗಳಲ್ಲಿ ನಿಜವಾದ ಬಿಂದುಗಳಿಗೆ ಚುಚ್ಚಿದರೂ ಬೇರೆ ಕಡೆ ಚುಚ್ಚಿದರೂ ಗುಣ ಹೆಚ್ಚುಕಡಿಮೆ ಒಂದೇ ಆಗಿತ್ತು. 2022ರ ಬ್ರಿಟನ್ ಮಾರ್ಗಸೂಚಿ ಇದನ್ನು ಸವೆತಕ್ಕೆ ಕೊಡಬೇಡಿ ಎನ್ನುತ್ತದೆ. 2019ರ ಅಮೆರಿಕದ ಮಾರ್ಗಸೂಚಿ ಷರತ್ತಿನ ಮೇಲೆ ಒಪ್ಪುತ್ತದೆ. ಒಟ್ಟಿನಲ್ಲಿ ಕೆಲವರಿಗೆ ಕೆಲಕಾಲ ನೋವು ತಗ್ಗಬಹುದು. ಆದರೆ ಸವೆದ ಮೃದ್ವಸ್ಥಿ ಮರಳಿ ಬೆಳೆಯುವುದಿಲ್ಲ. ಹಾಗೆ ಭರವಸೆ ಕೊಟ್ಟು ಹಣ ಕೇಳಿದರೆ ನಂಬಬೇಡಿ.

ಮಾಡಿಸುವ ಮುನ್ನ ಗಮನಿಸಿ
* ತರಬೇತಿ ಪಡೆದವರಲ್ಲಿಯೇ ಮಾಡಿಸಿ. ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲಿ. ಒಬ್ಬರಿಗೆ ಬಳಸಿದ ಸೂಜಿಯಿಂದ ಕಾಮಾಲೆ, ಎಚ್‌ಐವಿ ಹರಡಬಹುದು.
* ರಕ್ತ ತೆಳುವಾಗುವ ಮಾತ್ರೆ, ಸಕ್ಕರೆ ಕಾಯಿಲೆ, ಪೇಸ್‌ಮೇಕರ್, ಗರ್ಭ ಇದ್ದರೆ ಮೊದಲೇ ತಿಳಿಸಿ.
* ಬಿಪಿ, ಸಕ್ಕರೆ ಮಾತ್ರೆಗಳನ್ನು ನಿಲ್ಲಿಸಬೇಡಿ.
* ಮೊಣಕಾಲು ಕೆಂಪಾಗಿ, ಬಿಸಿಯಾಗಿ ಊದಿ ಜ್ವರ ಬಂದರೆ ಅದು ಕೀಲಿನ ಸೋಂಕಿರಬಹುದು. ಸೂಜಿ ಚುಚ್ಚಿಸದೆ ಅಂದೇ ರಾಯಚೂರಿನ ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಹೋಗಿ.

ಖರ್ಚಿಲ್ಲದ ಉಪಾಯ
ಕಾಲು ಚಾಚಿ ಕುಳಿತು, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು 5 ಸೆಕೆಂಡು ಕೆಳಕ್ಕೆ ಒತ್ತಿ ಬಿಡಿ. ಹೀಗೆ 10 ಸಲ, ದಿನಕ್ಕೆ ಎರಡು ಹೊತ್ತು ಮಾಡಿದರೆ ತೊಡೆಯ ಸ್ನಾಯು ಗಟ್ಟಿಯಾಗುತ್ತದೆ. ತೂಕ ಹೆಚ್ಚಿರುವವರು 1 ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ. ಕಳೆ ತೆಗೆಯುವಾಗ ಗಿಡ್ಡ ಮಣೆ ಬಳಸಿ, ನಡುನಡುವೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ.

ಸೂಜಿ ಚಿಕಿತ್ಸೆ ಮಾಡಿಸಿದರೂ ಈ ವ್ಯಾಯಾಮ ಬಿಡಬೇಡಿ. ನಾಲ್ಕಾರು ವಾರಗಳಲ್ಲಿ ಗುಣ ಕಾಣದಿದ್ದರೆ ಅದಕ್ಕೆ ಹಣ ಹಾಕುವುದನ್ನು ನಿಲ್ಲಿಸಿ, ಎಲುಬು-ಕೀಲು ವೈದ್ಯರನ್ನು ಕಾಣಿರಿ.