ಪ್ರೋಟೀನು ನೂಲಿನ ಉಂಡೆಯಲ್ಲ: ಸಂಪರ್ಕ ನಕ್ಷೆಯ ಮೂಲಕ ಒಂದು ಪಾಠ

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಪ್ರೋಟೀನಿನ ರಚನೆಯ ನಾಲ್ಕು ಹಂತಗಳು ಬರುತ್ತವೆ. ಪ್ರಾಥಮಿಕ, ದ್ವಿತೀಯಕ, ತೃತೀಯಕ, ಚತುರ್ಥಕ ಎಂದು ವಿದ್ಯಾರ್ಥಿಗಳು ಹೆಸರುಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ತೃತೀಯಕ ರಚನೆ ಎಂದರೇನು ಎಂದು ಕೇಳಿದರೆ "ಉಣ್ಣೆ ನೂಲಿನ ಉಂಡೆಯ ಹಾಗೆ" ಎಂಬ ಉತ್ತರ ಬರುತ್ತದೆ. ಬೋಧನಾಭ್ಯಾಸದ ಪಾಠಗಳನ್ನು ವೀಕ್ಷಿಸುವಾಗ ಈ ಉತ್ತರಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು "ಸರಿ, ಕುಳಿತುಕೋ" ಎಂದು ಮುಂದೆ ಹೋಗುವುದನ್ನು ನಾನು ಅನೇಕ ಸಲ ಕಂಡಿದ್ದೇನೆ.

ಈ ಹೋಲಿಕೆ ಅರ್ಧ ಮಾತ್ರ ಸರಿ. ನೂಲನ್ನು ಹೇಗೆ ಸುತ್ತಿದರೂ ಉಂಡೆ ಆಗುತ್ತದೆ. ಎರಡು ಸಲ ಸುತ್ತಿದರೆ ನೂಲಿನ ಅದೇ ಎರಡು ಜಾಗಗಳು ಮತ್ತೆ ಪಕ್ಕಪಕ್ಕ ಬರಬೇಕೆಂದಿಲ್ಲ. ಪ್ರೋಟೀನಿನಲ್ಲಿ ಹಾಗಲ್ಲ. ಒಂದೇ ಅನುಕ್ರಮದ ಸರಪಳಿಗಳು ಸಾಮಾನ್ಯವಾಗಿ ಒಂದೇ ರೀತಿ ಮಡಚಿಕೊಳ್ಳುತ್ತವೆ. ಸರಪಳಿಯಲ್ಲಿ ದೂರವಿರುವ ನಿರ್ದಿಷ್ಟ ಘಟಕಗಳು ಪ್ರತಿ ಸಲವೂ ಹತ್ತಿರ ಬರುತ್ತವೆ. ಯಾವುದು ಯಾವುದರ ಹತ್ತಿರ ಬಂತು ಎಂಬ ಪಟ್ಟಿಯೇ ತೃತೀಯಕ ರಚನೆಯ ತಿರುಳು. ಈ ಪಟ್ಟಿಯನ್ನು ವಿದ್ಯಾರ್ಥಿಗಳೇ ತಯಾರಿಸುವಂತೆ ನಾನು ಎರಡು ಅವಧಿಗಳ ಪ್ರಾತ್ಯಕ್ಷಿಕೆ ಪಾಠವೊಂದನ್ನು ಮಾಡಿದೆ. ಅದರ ಯೋಜನೆ ಮತ್ತು ವೀಕ್ಷಣೆಗಳು ಇಲ್ಲಿವೆ.

ಕಲಿಕಾ ಉದ್ದೇಶಗಳು

1. ಸರಪಳಿಯಲ್ಲಿನ ಅಂತರ ಮತ್ತು ಮಡಚಿದ ಮೇಲಿನ ಅಂತರ ಬೇರೆ ಬೇರೆ ಎಂದು ವಿದ್ಯಾರ್ಥಿ ಅಳತೆಯಿಂದ ತೋರಿಸುವನು/ಳು.
2. 'ಸಂಪರ್ಕ' ಎಂಬುದಕ್ಕೆ ನಿಯಮವನ್ನು ಮೊದಲು ಹೇಳಿ, ನಂತರ ಎಣಿಸುವನು/ಳು.
3. ಒಂದು ಘಟಕ ಬದಲಾದರೆ ಯಾವ ಸಂಪರ್ಕಕ್ಕೆ ಧಕ್ಕೆ ಎಂದು ಊಹಿಸುವನು/ಳು.

ಆಯ್ದುಕೊಂಡ ಪ್ರೋಟೀನು

ಹಿಮೋಗ್ಲೋಬಿನ್‌ನ ಒಂದು ಬೀಟಾ ಸರಪಳಿಯಲ್ಲೇ 146 ಘಟಕಗಳಿವೆ. ತರಗತಿಗೆ ಅದು ಭಾರ. ಹಾಗಾಗಿ 20 ಘಟಕಗಳ 'ಟ್ರಿಪ್-ಕೇಜ್' ಆರಿಸಿದೆ. ಇದು ಗೀಲಾ ಮಾನ್‌ಸ್ಟರ್ ಎಂಬ ಹಲ್ಲಿಯ ಜೊಲ್ಲಿನಲ್ಲಿರುವ ಎಕ್ಸೆಂಡಿನ್-4 ಎಂಬ ಪೆಪ್ಟೈಡನ್ನು ಆಧರಿಸಿ, ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ನೀಲ್ಸ್ ಆಂಡರ್ಸನ್ ಅವರ ತಂಡ ರೂಪಿಸಿ 2002ರಲ್ಲಿ ಪ್ರಕಟಿಸಿದ ಕಿರು ಪ್ರೋಟೀನು. ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಇದರ ಸಂಕೇತ 1ಎಲ್2ವೈ.

ಅನುಕ್ರಮ: 1 ಆಸ್ಪರಜಿನ್, 2 ಲ್ಯೂಸಿನ್, 3 ಟೈರೋಸಿನ್, 4 ಐಸೊಲ್ಯೂಸಿನ್, 5 ಗ್ಲೂಟಮಿನ್, 6 ಟ್ರಿಪ್ಟೊಫ್ಯಾನ್, 7 ಲ್ಯೂಸಿನ್, 8 ಲೈಸಿನ್, 9 ಆಸ್ಪಾರ್ಟಿಕ್ ಆಮ್ಲ, 10 ಮತ್ತು 11 ಗ್ಲೈಸಿನ್, 12 ಪ್ರೋಲಿನ್, 13 ಮತ್ತು 14 ಸೆರಿನ್, 15 ಗ್ಲೈಸಿನ್, 16 ಆರ್ಜಿನಿನ್, 17, 18, 19 ಪ್ರೋಲಿನ್, 20 ಸೆರಿನ್.

2ರಿಂದ 8ರವರೆಗೆ ಆಲ್ಫಾ ಸುರುಳಿ. 11ರಿಂದ 14ರವರೆಗೆ ಇನ್ನೂ ಬಿಗಿಯಾದ ಸಣ್ಣ ಸುರುಳಿ. ಕೊನೆಯ ಪ್ರೋಲಿನ್‌ಗಳ ಭಾಗ ಹಿಂದಕ್ಕೆ ಬಾಗಿ 6ನೆಯ ಟ್ರಿಪ್ಟೊಫ್ಯಾನ್‌ಗೆ ಒರಗುತ್ತದೆ. ಟ್ರಿಪ್ಟೊಫ್ಯಾನ್‌ನ ಚಪ್ಪಟೆ ಉಂಗುರಗಳು 12 ಮತ್ತು 18ನೆಯ ಪ್ರೋಲಿನ್‌ಗಳ ನಡುವೆ ಪಂಜರದಲ್ಲಿಟ್ಟಂತೆ ಕೂರುತ್ತವೆ. ಹೆಸರು ಬಂದಿರುವುದು ಅದರಿಂದಲೇ.

ಸಾಮಗ್ರಿ (ಪ್ರತಿ ಗುಂಪಿಗೆ)

ಒಂದು ಮಿ.ಮೀ. ದಪ್ಪದ, ಬಾಗಿಸಿದರೆ ಹಾಗೆಯೇ ನಿಲ್ಲುವ ತಾಮ್ರದ ತಂತಿ 80 ಸೆಂ.ಮೀ.; ಒಂದು ಸೆಂ.ಮೀ. ಅಗಲದ ಬಣ್ಣದ ಟೇಪು, 40 ಮಿ.ಮೀ. ಹೊರವ್ಯಾಸದ ಪಿವಿಸಿ ಪೈಪಿನ ತುಂಡು, ಎಂಟು ಸೆಂ.ಮೀ. ಉದ್ದಕ್ಕೆ ಕತ್ತರಿಸಿದ ಕಡ್ಡಿ, ಚೌಕುಳಿ ಹಾಳೆ, ರಟ್ಟಿನ ಒಂದು ಚೂರು.

ಅಳತೆ: ಒಂದು ಆಂಗ್‌ಸ್ಟ್ರಾಮ್‌ಗೆ ಒಂದು ಸೆಂ.ಮೀ. ಅಕ್ಕಪಕ್ಕದ ಎರಡು ಆಲ್ಫಾ ಕಾರ್ಬನ್‌ಗಳ ಅಂತರ ಸುಮಾರು 3.8 ಆಂಗ್‌ಸ್ಟ್ರಾಮ್. ಆದ್ದರಿಂದ ತಂತಿಯ ಮೇಲೆ 3.8 ಸೆಂ.ಮೀ.ಗೊಂದು ಟೇಪು. 20 ಟೇಪುಗಳ ನಡುವೆ 19 ಅಂತರಗಳು, ಒಟ್ಟು 72.2 ಸೆಂ.ಮೀ. ಆಲ್ಫಾ ಸುರುಳಿಯಲ್ಲಿ ಒಂದು ಸುತ್ತಿಗೆ 3.6 ಘಟಕಗಳು, ಒಂದು ಸುತ್ತಿನ ಏರು 5.4 ಆಂಗ್‌ಸ್ಟ್ರಾಮ್. ಈ ಪೈಪಿನ ಮೇಲೆ ಸುತ್ತಿಗೆ 5.4 ಸೆಂ.ಮೀ. ಏರುವಂತೆ ತಂತಿ ಸುತ್ತಿದರೆ ಸುತ್ತಿಗೆ ಸುಮಾರು 3.6 ಟೇಪುಗಳೇ ಬರುತ್ತವೆ. ಸುತ್ತುವ ದಿಕ್ಕು ಸಾಮಾನ್ಯ ಸ್ಕ್ರೂವಿನದು, ಅಂದರೆ ಬಲಸುರುಳಿ.

ಮೊದಲ ಅವಧಿ: ಸುರುಳಿ ಮತ್ತು ನಕ್ಷೆ

ತಂತಿ ನೇರವಾಗಿರುವಾಗಲೇ ಕೇಳಿದೆ: "6 ಮತ್ತು 18ರ ನಡುವೆ ಎಷ್ಟು ದೂರ?" ಹನ್ನೆರಡು ಅಂತರ, 45.6 ಸೆಂ.ಮೀ. ಈ ಸಂಖ್ಯೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು ಹಾಗೆಯೇ ಉಳಿಸಿದೆ.

ಆಮೇಲೆ 2ರಿಂದ 8ರವರೆಗಿನ ಭಾಗವನ್ನು ಪೈಪಿಗೆ ಸುತ್ತಿ, ಪೈಪನ್ನು ಮೆಲ್ಲಗೆ ಹೊರತೆಗೆದು, ಟೇಪುಗಳ ನಡುವಿನ ನೇರ ಅಂತರ ಅಳೆಯಲು ಹೇಳಿದೆ. ನಿಯಮ ಇದು: ಎಂಟು ಸೆಂ.ಮೀ. ಕಡ್ಡಿಯೊಳಗೆ ಬಂದರೆ ಸಂಪರ್ಕ. 20 ಅಡ್ಡಸಾಲು, 20 ಕಂಬಸಾಲುಗಳ ಚೌಕುಳಿಯಲ್ಲಿ ಆ ಜೋಡಿಯ ಚೌಕಕ್ಕೆ ಬಣ್ಣ ತುಂಬಬೇಕು. ಚೌಕಗಳು 400 ಇದ್ದರೂ ಬೇರೆ ಬೇರೆ ಜೋಡಿಗಳು 190 ಮಾತ್ರ, ಏಕೆಂದರೆ 3-7 ಮತ್ತು 7-3 ಒಂದೇ. ಇದನ್ನು ವಿದ್ಯಾರ್ಥಿಗಳೇ ಹೇಳುವವರೆಗೆ ಕಾಯುವುದು ಒಳ್ಳೆಯದು.

ಲೆಕ್ಕ ಬೇರೆಯಾದಾಗ

ಸುರುಳಿಯ ಭಾಗದಲ್ಲಿ ಎಷ್ಟು ಸಂಪರ್ಕ ಎಂದು ಕೇಳಿದಾಗ ಒಂದು ಗುಂಪು ಏಳು ಎಂದಿತು, ಇನ್ನೊಂದು ಒಂಬತ್ತು, ಮತ್ತೊಂದು ಹನ್ನೆರಡು. ಹಿಂದೆ ಕುಳಿತಿದ್ದ ಪ್ರಶಿಕ್ಷಣಾರ್ಥಿಗಳು ಸರಿಯುತ್ತರ ಯಾವುದೆಂದು ನಾನು ಹೇಳುವೆನೆಂದು ಪೆನ್ನು ಹಿಡಿದು ಕಾದರು. ನಾನು ಉತ್ತರ ಹೇಳುವ ಬದಲು ಪ್ರತಿ ಗುಂಪೂ ತಾನು ಎಣಿಸಿದ ರೀತಿಯನ್ನು ಹಲಗೆಯ ಮೇಲೆ ಬರೆಯಲು ಹೇಳಿದೆ.

ಏಳು ಎಂದವರು ಟೇಪಿನ ನಡುವಿನಿಂದ ಅಳೆದು, ಮೂರು ಅಥವಾ ಹೆಚ್ಚು ಸ್ಥಾನ ದೂರದ ಜೋಡಿಗಳನ್ನು ಮಾತ್ರ ಎಣಿಸಿದ್ದರು: 2-5, 3-6, 4-7, 5-8, 2-6, 3-7, 4-8. ಹನ್ನೆರಡು ಎಂದವರು ಎರಡು ಸ್ಥಾನ ದೂರದ ಐದು ಜೋಡಿಗಳನ್ನೂ ಸೇರಿಸಿದ್ದರು. ಒಂಬತ್ತು ಎಂದವರು ಟೇಪಿನ ಅಂಚಿನಿಂದ ಅಂಚಿಗೆ ಅಳೆದಿದ್ದರು. ಐದು ಸ್ಥಾನ ದೂರದ ಜೋಡಿ ನಡುವಿನಿಂದ ಎಂಟಕ್ಕಿಂತ ಸ್ವಲ್ಪ ಹೆಚ್ಚು, ಅಂಚಿನಿಂದ ಸ್ವಲ್ಪ ಕಡಿಮೆ. ಹಾಗಾಗಿ 2-7 ಮತ್ತು 3-8 ಒಳಗೆ ಬಂದಿದ್ದವು.

ಮೂರೂ ಎಣಿಕೆಗಳು ತಮ್ಮ ತಮ್ಮ ನಿಯಮಕ್ಕೆ ಸರಿ. ಸಂಶೋಧಕರೂ ಇದನ್ನೇ ಮಾಡುತ್ತಾರೆ. ಕೆಲವರು ಆಲ್ಫಾ ಕಾರ್ಬನ್‌ಗಳ ಅಂತರಕ್ಕೆ 8 ಆಂಗ್‌ಸ್ಟ್ರಾಮ್ ಮಿತಿ ಇಡುತ್ತಾರೆ. ಕೆಲವರು ಹೈಡ್ರೋಜನ್ ಬಿಟ್ಟು ಯಾವುದೇ ಎರಡು ಪರಮಾಣುಗಳು 4.5 ಆಂಗ್‌ಸ್ಟ್ರಾಮ್ ಒಳಗಿದ್ದರೆ ಸಂಪರ್ಕ ಎನ್ನುತ್ತಾರೆ. ನಿಯಮ ಹೇಳದೆ ಕೊಟ್ಟ ಸಂಖ್ಯೆಗೆ ಬೆಲೆಯಿಲ್ಲ. ಪಾಠ ವೀಕ್ಷಣಾ ಹಾಳೆಯಲ್ಲಿ "ಸರಿಯುತ್ತರ ಪಡೆದರು" ಎಂದು ಬರೆಯುವ ನಾವು, ವಿದ್ಯಾರ್ಥಿ ನಿಯಮ ಹೇಳಿದನೇ ಎಂದೂ ನೋಡಬೇಕು.

ಎರಡನೆಯ ಅವಧಿ: ದೂರದವರು ಹತ್ತಿರ ಬರುವುದು

6ನೆಯ ಟೇಪಿಗೆ ರಟ್ಟಿನ ಚೂರು ಅಂಟಿಸಿದೆವು. ಅದು ಟ್ರಿಪ್ಟೊಫ್ಯಾನ್‌ನ ಪಾರ್ಶ್ವ ಸರಪಳಿ. ಉಳಿದ ತಂತಿಯನ್ನು ಬಾಗಿಸಿ, ರಟ್ಟಿನ ಒಂದು ಬದಿಗೆ 12, ಇನ್ನೊಂದು ಬದಿಗೆ 18 ಬರುವಂತೆ ಮಾಡಿದರು. ಮೂಲೆಯಲ್ಲಿದ್ದ 45.6 ಈಗ ಎಷ್ಟಕ್ಕೆ ಇಳಿಯಿತು ಎಂದು ಅಳೆದರು. ನಕ್ಷೆಯಲ್ಲಿ ಸುರುಳಿಯ ಚುಕ್ಕೆಗಳು ಕರ್ಣಕ್ಕೆ ಅಂಟಿದ ಪಟ್ಟಿಯಾಗಿ ಕಾಣುತ್ತವೆ. 6-18ರಂಥವು ಕರ್ಣದಿಂದ ದೂರ ಒಂಟಿಯಾಗಿ ನಿಲ್ಲುತ್ತವೆ. ಮೊದಲಿನದು ದ್ವಿತೀಯಕ ರಚನೆ, ಎರಡನೆಯದು ತೃತೀಯಕ. ವ್ಯಾಖ್ಯೆ ಒಪ್ಪಿಸುತ್ತಿದ್ದವರಿಗೆ ಈ ವ್ಯತ್ಯಾಸ ಹಾಳೆಯ ಮೇಲೆ ಕಂಡಿತು.

ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ಕೈಯಲ್ಲಿ ಬಾಗಿಸಿದ ಭಾಗದ ಅಳತೆಗಳು ಗುಂಪಿನಿಂದ ಗುಂಪಿಗೆ ಬದಲಾಗುತ್ತವೆ. ನಿಜವಾದ ಅಂತರಕ್ಕೆ ಡೇಟಾ ಬ್ಯಾಂಕಿನ ನಿರ್ದೇಶಾಂಕಗಳನ್ನೇ ಬಳಸಬೇಕು. ಅದಕ್ಕೆ ಗಣಿತದಲ್ಲಿ ಕಲಿಯುವ ಮೂರು ಆಯಾಮಗಳ ದೂರ ಸೂತ್ರ ಸಾಕು. ಅಭ್ಯಾಸಕ್ಕೆ ಕಲ್ಪಿತ ಬಿಂದುಗಳು (2, 3, 1) ಮತ್ತು (4, 6, 7): ವ್ಯತ್ಯಾಸ 2, 3, 6, ವರ್ಗಗಳ ಮೊತ್ತ 49, ದೂರ 7. ಎಂಟರ ಮಿತಿಯಲ್ಲಿ ಇದು ಸಂಪರ್ಕ.

ಎರಡನೆಯದು, ಹತ್ತಿರವಿರುವುದೆಲ್ಲ ಆಕರ್ಷಣೆಯಲ್ಲ. ಸುರುಳಿಯಲ್ಲಿ ಎರಡು ಸ್ಥಾನ ದೂರದ ಆಲ್ಫಾ ಕಾರ್ಬನ್‌ಗಳು 5.4 ಆಂಗ್‌ಸ್ಟ್ರಾಮ್ ಅಂತರದಲ್ಲಿದ್ದರೂ ಅವುಗಳ ಪಾರ್ಶ್ವ ಸರಪಳಿಗಳು ಹೆಚ್ಚುಕಡಿಮೆ ವಿರುದ್ಧ ದಿಕ್ಕಿಗೆ ಚಾಚಿರುತ್ತವೆ. 9-16ರದು ಬೇರೆ ಬಗೆ: ಋಣ ಆವೇಶದ ಆಸ್ಪಾರ್ಟಿಕ್ ಆಮ್ಲ ಮತ್ತು ಧನ ಆವೇಶದ ಆರ್ಜಿನಿನ್ ನಡುವೆ ಲವಣ ಸೇತುವೆ ಇದೆ. ನಕ್ಷೆ ದೂರವನ್ನು ಹೇಳುತ್ತದೆ. ಕಾರಣವನ್ನು ರಸಾಯನಶಾಸ್ತ್ರದಿಂದ ಕೇಳಬೇಕು.

ಪಠ್ಯದ ಕುಡುಗೋಲು ಕಣಕ್ಕೆ ಜೋಡಣೆ

ದ್ವಿತೀಯ ಪಿಯುಸಿಯಲ್ಲಿ ಕುಡುಗೋಲು ಕಣ ರಕ್ತಹೀನತೆ ಬರುತ್ತದೆ. ಬೀಟಾ ಸರಪಳಿಯ 6ನೆಯ ಸ್ಥಾನದ ಗ್ಲೂಟಾಮಿಕ್ ಆಮ್ಲದ ಜಾಗದಲ್ಲಿ ವ್ಯಾಲಿನ್. 146ರಲ್ಲಿ ಒಂದು ಬದಲಾದರೆ ಇಷ್ಟು ಕಷ್ಟವೇಕೆ ಎಂಬ ಪ್ರಶ್ನೆಗೆ ಸಂಪರ್ಕದ ಮೂಲಕ ಉತ್ತರ ಕೊಡಬಹುದು. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ನಲ್ಲಿ ಈ ವ್ಯಾಲಿನ್, ಪಕ್ಕದ ಹಿಮೋಗ್ಲೋಬಿನ್ ಅಣುವಿನ ಬೀಟಾ ಸರಪಳಿಯ 85ನೆಯ ಫಿನೈಲ್ ಅಲನಿನ್ ಮತ್ತು 88ನೆಯ ಲ್ಯೂಸಿನ್ ಇರುವ ಜಲವಿಮುಖ ಗುಳಿಯಲ್ಲಿ ಕೂರುತ್ತದೆ. ಅಣುಗಳು ಒಂದಕ್ಕೊಂದು ಜೋಡಿಸಿಕೊಂಡು ಉದ್ದ ನಾರುಗಳಾಗಿ ಕೆಂಪು ರಕ್ತಕಣದ ಆಕಾರವನ್ನು ಕೆಡಿಸುತ್ತವೆ. ಒಂದೇ ಅಣುವಿನ ನಕ್ಷೆಯಲ್ಲಿ ಈ ಸಂಪರ್ಕ ಕಾಣದು; ಎರಡು ಅಣುಗಳ ನಡುವೆ ನಕ್ಷೆ ಬರೆದಾಗ ಮಾತ್ರ ಕಾಣುತ್ತದೆ. ತರಗತಿಯಲ್ಲಿ ಈ ಕಾಯಿಲೆಯಿರುವ ಮನೆಯ ಮಕ್ಕಳು ಇರಬಹುದು. ಯಾವುದೇ ಸಮುದಾಯವನ್ನು ಬೆರಳು ಮಾಡಿ ತೋರಿಸದೆ ಪಾಠ ಮಾಡಬೇಕು.

ಮೌಲ್ಯಮಾಪನ ಪ್ರಶ್ನೆಗಳು

1. ನಿಮ್ಮ ನಿಯಮವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಮಿತಿ 6 ಸೆಂ.ಮೀ. ಆದರೆ ಸುರುಳಿಯ ಯಾವ ಚುಕ್ಕೆಗಳು ಅಳಿಯುತ್ತವೆ? (ನಾಲ್ಕು ಸ್ಥಾನ ದೂರದವು.)
2. 9ರಲ್ಲಿ ಆವೇಶವಿಲ್ಲದ ಆಸ್ಪರಜಿನ್ ಇಟ್ಟರೆ ಯಾವ ಸಂಪರ್ಕದ ಬಲ ಕುಗ್ಗುತ್ತದೆ? ಏಕೆ?
3. ನೂಲಿನ ಉಂಡೆಯ ಹೋಲಿಕೆ ಎಲ್ಲಿ ಸರಿ, ಎಲ್ಲಿ ಸೋಲುತ್ತದೆ?

ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠಕ್ಕೆ ಭಾರತೀಯ ಹಿನ್ನೆಲೆಯೂ ಇದೆ. ಜಿ. ಎನ್. ರಾಮಚಂದ್ರನ್ ಮತ್ತು ಸಹೋದ್ಯೋಗಿಗಳು 1963ರಲ್ಲಿ ಮದ್ರಾಸಿನಲ್ಲಿ ಪ್ರಕಟಿಸಿದ ನಕ್ಷೆಯೂ ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಎಂಬ ಮಿತಿಯಿಂದಲೇ ಹುಟ್ಟಿತು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತಶಾಸ್ತ್ರ ವಿಭಾಗವನ್ನು ಕಟ್ಟಿದರು.

ಸಮಯ ಕಡಿಮೆಯಿದ್ದರೆ ಎರಡನೆಯ ಅವಧಿಯ ನಿರ್ದೇಶಾಂಕದ ಲೆಕ್ಕವನ್ನು ಮನೆಗೆಲಸಕ್ಕೆ ಕೊಡಿ. ಗುಂಪುಗಳು ತಮ್ಮ ನಿಯಮ ಬರೆಯುವ ಹತ್ತು ನಿಮಿಷವನ್ನು ಮಾತ್ರ ಬಿಡಬೇಡಿ. ಅಳತೆ ಯಾವ ನಿಯಮದ್ದು ಎಂದು ಕೇಳುವ ಅಭ್ಯಾಸ ಆ ಹತ್ತು ನಿಮಿಷದಲ್ಲೇ ಮೂಡುವುದು.