ನೀರಿಗಿಳಿಯುವ ಮುಂಚಿನ ಕೆಲಸ

ವಿಶೇಷ ಮಕ್ಕಳ ಅಪ್ಪ-ಅಮ್ಮಂದಿರು ನಾಲ್ವರು ಸೇರಿದ ಕಡೆ ಡಾಲ್ಫಿನ್ ಮಾತು ಒಂದಲ್ಲ ಒಂದು ಸಲ ಬಂದೇ ಬರುತ್ತದೆ. ಅಷ್ಟು ವರ್ಷ ತುಟಿ ಬಿಚ್ಚದ ಮಗು ಡಾಲ್ಫಿನ್ ಮುಟ್ಟಿದ ಮರುದಿನ ‘ಅಮ್ಮ’ ಅಂದಿತಂತೆ, ಮುಷ್ಟಿ ಬಿಡಿಸದ ಹುಡುಗಿ ಕೈ ಚಾಚಿದಳಂತೆ. ಟ್ಯಾಂಪಾದಲ್ಲಿರುವ ನಮಗೆ ಈ ಮಾತು ಇನ್ನೂ ಹತ್ತಿರದ್ದು. ಫ್ಲಾರಿಡಾದ ದಕ್ಷಿಣ ತುದಿಯಲ್ಲಿ ಸಮುದ್ರಕ್ಕೆ ಚಾಚಿಕೊಂಡ ಕೀಸ್ ದ್ವೀಪಗಳಲ್ಲಿ ಡಾಲ್ಫಿನ್ ಜೊತೆ ಈಜಿಸುವ ಕೇಂದ್ರಗಳು ದಶಕಗಳಿಂದ ಇವೆ. ವಿಶೇಷ ಮಕ್ಕಳಿಗೆಂದೇ ಬೇರೆ ವ್ಯವಸ್ಥೆ ಮಾಡುವ ಕೇಂದ್ರಗಳೂ ಅಲ್ಲುಂಟು.

ನನ್ನ ಮಗನಿಗೆ ಆಟಿಸಂ. ಮಾತು ತೀರಾ ಕಡಿಮೆ, ಟ್ಯಾಬ್ಲೆಟ್‌ನಲ್ಲಿ ಚಿತ್ರ ಒತ್ತಿ ಬೇಕು-ಬೇಡ ಹೇಳುತ್ತಾನೆ. ನಾದಿನಿಯ ಮಗಳಿಗೆ ಸೆರೆಬ್ರಲ್ ಪಾಲ್ಸಿ. ಕಾಲುಗಳ ಸ್ನಾಯು ಬಿಗಿ, ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಇವರಿಬ್ಬರ ಜೊತೆ ಹೈಸ್ಕೂಲಿನಲ್ಲಿರುವ ನನ್ನ ದೊಡ್ಡ ಮಗಳು, ಹೊನ್ನಾವರದಿಂದ ಬಂದಿದ್ದ ಅತ್ತೆ. ಹೋಗುವ ಮಾತೆತ್ತಿದ ದಿನವೇ ಅತ್ತೆ ಕೇಳಿದರು: “ಇದ್ರಿಂದ ಮಾಣಿಗೆ ಮಾತು ಬರ್ತದಾ?”

ಟಿಕೆಟ್ಟು, ಹೋಟೆಲು ಎಲ್ಲಕ್ಕಿಂತ ಮೊದಲು ಉತ್ತರ ಹುಡುಕಬೇಕಾದ ಪ್ರಶ್ನೆ ಅದು. ಹಾಗಾಗಿ ಓದಲು ಕೂತೆ. ಡಾಲ್ಫಿನ್ ಚಿಕಿತ್ಸೆಯ ಕಲ್ಪನೆ ಹುಟ್ಟಿದ್ದೇ ಫ್ಲಾರಿಡಾದಲ್ಲಿ. 1970ರ ದಶಕದ ಆರಂಭದಲ್ಲಿ ಬೆಟ್ಸಿ ಸ್ಮಿತ್ ಎಂಬ ಮಾನವಶಾಸ್ತ್ರಜ್ಞೆ, ಬೌದ್ಧಿಕ ನ್ಯೂನತೆಯಿದ್ದ ತಮ್ಮ ಸಹೋದರನ ಹತ್ತಿರ ಡಾಲ್ಫಿನ್‌ಗಳು ಮೆತ್ತಗೆ ನಡೆದುಕೊಂಡದ್ದನ್ನು ನೋಡಿ ಪ್ರಯೋಗ ಶುರುಮಾಡಿದರು. ಮುಂದೆ ಅವರೇ ಆ ಕೆಲಸ ಕೈಬಿಟ್ಟು ಈ ಚಿಕಿತ್ಸೆಯನ್ನು ವಿರೋಧಿಸಿದರು. ಎಮೊರಿ ವಿಶ್ವವಿದ್ಯಾಲಯದ ಲೋರಿ ಮರೀನೊ ಮತ್ತು ಸ್ಕಾಟ್ ಲಿಲಿಯನ್‌ಫೆಲ್ಡ್ 1998ರಲ್ಲೊಮ್ಮೆ, 2007ರಲ್ಲೊಮ್ಮೆ ಈ ಕುರಿತ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಅವರ ತೀರ್ಮಾನ ಖಚಿತವಾಗಿದೆ: ಶಾಶ್ವತ ಸುಧಾರಣೆಗೆ ಗಟ್ಟಿ ಪುರಾವೆಯಿಲ್ಲ. ಮಗು ಅರಳಿದ್ದು ಡಾಲ್ಫಿನ್‌ನಿಂದಲೋ, ನೀರಿನಿಂದಲೋ, ರಜೆಯಲ್ಲಿ ಅಪ್ಪ-ಅಮ್ಮ ಇಡೀ ದಿನ ಜೊತೆಗಿದ್ದದ್ದರಿಂದಲೋ ಎಂದು ಬೇರ್ಪಡಿಸಿ ನೋಡುವಂತೆ ಆ ಅಧ್ಯಯನಗಳನ್ನು ರೂಪಿಸಿರಲಿಲ್ಲ.

“ಮಾತು ಬರೋದಿಲ್ಲ ಅತ್ತೆ. ಅವನಿಗೆ ನೀರೆಂದರೆ ಪ್ರಾಣ, ಅದಕ್ಕೇ ಹೋಗೋದು” ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಹೋಗಿ ಬರುವ” ಅಂದರು. ಮುಂದಿನ ಯೋಜನೆಯನ್ನೆಲ್ಲ ಹಗುರ ಮಾಡಿದ್ದು ಈ ಒಂದು ಮಾತು. ಸಾವಿರಾರು ಡಾಲರ್ ಕೇಳುವ ವಾರದ ಚಿಕಿತ್ಸಾ ಪ್ಯಾಕೇಜುಗಳ ಕಡೆ ನಾವು ತಿರುಗಿ ನೋಡಲಿಲ್ಲ, ಅರ್ಧ ದಿನದ ಈಜು ಸಾಕೆನ್ನಿಸಿತು. ಮಗು ನೀರಿಗೆ ಇಳಿಯಲೇಬೇಕು, ನಗಲೇಬೇಕು ಎಂಬ ಒತ್ತಡವೂ ಹೋಯಿತು.

ದೊಡ್ಡ ಮಗಳ ತಕರಾರು ಬೇರೆಯೇ ಇತ್ತು. ಭಾರತ ಸರ್ಕಾರ 2013ರ ಮೇ ತಿಂಗಳಲ್ಲಿ ಡಾಲ್ಫಿನೇರಿಯಂಗಳಿಗೆ ಅನುಮತಿ ಇಲ್ಲವೆಂದು ಸುತ್ತೋಲೆ ಹೊರಡಿಸಿದ್ದನ್ನು ಅವಳು ಓದಿದ್ದಳು. ನಮ್ಮ ದೇಶದಲ್ಲಿ ಕೂಡದ್ದು ಇಲ್ಲಿ ಹೇಗೆ ಸರಿ ಎಂದು ಕೇಳಿದಳು. ಅವಳ ಮಾತನ್ನು ತಳ್ಳಿಹಾಕಲು ನನಗೆ ಆಗಲಿಲ್ಲ. ಬಯಲು ಸಮುದ್ರದಲ್ಲಿ ಡಾಲ್ಫಿನ್ ಹಿಂದೆ ಹೋಗುವಂತೆಯೂ ಇಲ್ಲ. ಅಮೆರಿಕದ 1972ರ ಸಾಗರ ಸಸ್ತನಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವುಗಳಿಗೆ ತಿನ್ನಿಸುವುದು, ಕಾಟ ಕೊಡುವುದು ಅಪರಾಧ. ಕೊನೆಗೆ ಸಿಮೆಂಟಿನ ತೊಟ್ಟಿಯ ಬದಲು ಸಮುದ್ರದ ನೀರೇ ಹರಿದುಹೋಗುವ, ಬೇಲಿ ಹಾಕಿದ ಲಗೂನ್ ಇರುವ ಕಡೆ ಹೋಗುವುದು, ಡಾಲ್ಫಿನ್ ತಾನಾಗಿ ದೂರ ಸರಿದರೆ ಬಲವಂತ ಮಾಡದ ಕೇಂದ್ರವನ್ನೇ ಆರಿಸುವುದು ಎಂದಾಯಿತು. ಇದು ಅವಳ ಪ್ರಶ್ನೆಗೆ ಪೂರ್ತಿ ಉತ್ತರವಲ್ಲ. ಬೇಲಿ ಬೇಲಿಯೇ. ಈ ಸಂಕಟ ನನ್ನಲ್ಲಿ ಈಗಲೂ ಇದೆ.

ಇನ್ನು ಫೋನು. ವೆಬ್‌ಸೈಟಿನಲ್ಲಿ ‘ಎಲ್ಲರಿಗೂ ಸ್ವಾಗತ’ ಎಂದು ಬರೆದಿರುತ್ತಾರೆ, ಆದರೆ ಅದರ ಅರ್ಥ ತಿಳಿಯುವುದು ಕರೆ ಮಾಡಿ ಬಿಡಿಬಿಡಿಯಾಗಿ ಕೇಳಿದಾಗಲೇ. ನೀರಿಗೆ ಇಳಿಯಲು ಮೆಟ್ಟಿಲೋ, ಇಳಿಜಾರೋ, ಲಿಫ್ಟೋ? ಗಾಲಿಕುರ್ಚಿ ದಕ್ಕೆಯ ಅಂಚಿನವರೆಗೆ ಬರುತ್ತದೆಯೇ? ಮಗುವನ್ನು ಹಿಡಿದುಕೊಳ್ಳಲು ನಾವೂ ಜೊತೆಗೆ ಇಳಿಯಬಹುದೇ, ಅದಕ್ಕೆ ಬೇರೆ ದುಡ್ಡೇ? ದೊಡ್ಡ ಮಗುವಿನ ಬಟ್ಟೆ ಬದಲಿಸಲು ಮಲಗಿಸುವಂಥ ಜಾಗ ಇದೆಯೇ? ನಮ್ಮ ಗುಂಪಿನಲ್ಲಿ ಬೇರೆಯವರು ಎಷ್ಟು ಜನ? ಕೊನೇ ಗಳಿಗೆಯಲ್ಲಿ ಮಗು ಒಲ್ಲೆ ಎಂದರೆ ಏನು ಮಾಡುತ್ತೀರಿ? ಒಂದು ಕಡೆ ಈ ಕೊನೆಯ ಪ್ರಶ್ನೆಗೆ “ಹಣ ವಾಪಸಿಲ್ಲ” ಎಂದಷ್ಟೇ ಉತ್ತರ ಬಂತು. ಇನ್ನೊಂದು ಕಡೆಯವರು “ಅವನಿಗೆ ಏನಿಷ್ಟ, ಯಾವ ಸದ್ದು ಆಗೋದಿಲ್ಲ, ಹೇಳಿ” ಎಂದು ತಿರುಗಿ ನಮ್ಮನ್ನೇ ಕೇಳಿದರು. ಅಲ್ಲಿಗೇ ಬುಕ್ ಮಾಡಿದೆವು.

ತಿಂಗಳು ಆರಿಸಿದ್ದು ನಾದಿನಿಯ ಮಗಳನ್ನು ನೋಡಿಕೊಂಡು. ತಣ್ಣೀರಿನಲ್ಲಿ ಅವಳ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಕೀಸ್‌ನ ಸಮುದ್ರ ಚಳಿಗಾಲದಲ್ಲಿ 22 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ, ಬೇಸಿಗೆಯಲ್ಲಿ 30ರ ಹತ್ತಿರ ಇರುತ್ತದೆ. ಬೇಸಿಗೆಯೇ ಒಳ್ಳೆಯದೆಂದರೆ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಮೇ ಕೊನೆಯ ವಾರ ಗೊತ್ತುಮಾಡಿದೆವು. ಅವಳ ಡಾಕ್ಟರರಿಂದ ಪತ್ರ ತಂದೆವು. ಫಿಟ್ಸ್ ಬರುವ ಮಕ್ಕಳು, ಹೊಟ್ಟೆಗೆ ಕೊಳವೆ ಹಾಕಿರುವವರು, ಕಿವಿಯಲ್ಲಿ ಟ್ಯೂಬ್ ಇರುವವರು ವೈದ್ಯರನ್ನು ಕೇಳದೆ ಇಂಥ ನೀರಿಗೆ ಇಳಿಯಬಾರದು. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕುತ್ತಿಗೆಯ ಮೂಳೆಗಳ ಹಿಡಿತ ಸಡಿಲವಾಗಿರುತ್ತದೆ, ಅವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಡಾಲ್ಫಿನ್ ನಗುಮುಖದ ಪ್ರಾಣಿಯಂತೆ ಕಂಡರೂ ಅದು ದವಡೆಯ ಆಕಾರ ಅಷ್ಟೇ. ಎರಡೂವರೆ ಮೀಟರ್ ಉದ್ದದ, ಇನ್ನೂರು ಕಿಲೋ ತೂಗಬಲ್ಲ, ಬಾಯಿ ತುಂಬ ಹಲ್ಲಿರುವ ಜೀವಿ ಅದು. ಬಾಲ ಬೀಸಿದರೆ ದೊಡ್ಡವರೂ ತತ್ತರಿಸಬೇಕು.

ಮಗನ ತಯಾರಿ ಮನೆಯಲ್ಲೇ ನಡೆಯಿತು. ಎಲ್ಲಕ್ಕಿಂತ ಹೆಚ್ಚು ಸಮಯ ಹಿಡಿದದ್ದೂ ಅದೇ. ಮೈಗೆ ಅಂಟುವ ವೆಟ್‌ಸೂಟನ್ನು ಕೆಲವು ಮಕ್ಕಳು ಬಿಗಿದಪ್ಪಿದ ಸುಖವೆಂದು ಇಷ್ಟಪಡುತ್ತಾರೆ, ಕೆಲವರಿಗೆ ಅದು ಹಿಂಸೆ. ನನ್ನ ಮಗ ಎರಡನೇ ಗುಂಪು. ಮೊದಲು ಅದನ್ನು ಸೋಫಾದ ಮೇಲೆ ಬಿಟ್ಟೆವು. ಆಮೇಲೆ ತೋಳಷ್ಟೇ ತೂರಿಸಿದೆವು, ಆಮೇಲೆ ಟಿವಿ ನೋಡುವಾಗ ಅರ್ಧ ಗಂಟೆ ಹಾಕಿದೆವು. ಲೈಫ್ ಜಾಕೆಟ್ ಸ್ನಾನದ ಟಬ್ಬಿನಲ್ಲೇ ಅಭ್ಯಾಸವಾಯಿತು. ತರಬೇತುದಾರರು ಊದುವ ಸೀಟಿಯ ಸದ್ದನ್ನು ಫೋನಿನಲ್ಲಿ ಸಣ್ಣದಾಗಿ ಕೇಳಿಸಿ ದಿನದಿನಕ್ಕೆ ಏರಿಸಿದೆವು. ಡಾಲ್ಫಿನ್ ಚರ್ಮ ಒದ್ದೆ ರಬ್ಬರ್ ಚೆಂಡಿನ ಹಾಗಿರುತ್ತದೆ ಎಂದು ಅಕ್ಕ ಚೆಂಡು ಮುಟ್ಟಿಸಿ ತೋರಿಸಿದಳು. ಅವಳೇ ಫೋಟೊಗಳನ್ನು ಅಂಟಿಸಿ ಒಂದು ಪುಸ್ತಕವನ್ನೂ ಮಾಡಿದಳು: ಕಾರು, ಸೇತುವೆ, ಹೋಟೆಲು, ಕಾಯುವ ಬೆಂಚು, ದಕ್ಕೆ, ಡಾಲ್ಫಿನ್, ಟವೆಲು, ಮೊಸರನ್ನ. ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದಲ್ಲಿ ಬೆಳೆಸಿದ ಸೋಷಿಯಲ್ ಸ್ಟೋರಿ ವಿಧಾನದ ಮನೆಮಟ್ಟದ ರೂಪ ಇದು. ‘ಇಷ್ಟವಿಲ್ಲದಿದ್ದರೆ ಬೇಡ ಅನ್ನಬಹುದು’ ಎಂಬ ಪುಟವೊಂದನ್ನು ನಾನು ಸೇರಿಸಿದೆ. ಎಲ್ಲ ಮಕ್ಕಳ ಪುಸ್ತಕದಲ್ಲೂ ಆ ಪುಟ ಇರಬೇಕು.

ಮುಖ್ಯ ನೆಲದಿಂದ ಕೀ ವೆಸ್ಟ್ ಕಡೆಗೆ ದ್ವೀಪದಿಂದ ದ್ವೀಪಕ್ಕೆ ಜಿಗಿಯುವ ದಾರಿ 113 ಮೈಲಿ, 42 ಸೇತುವೆ. ಎಲ್ಲಾದರೂ ವಾಹನ ನಿಂತರೆ ಸುತ್ತುದಾರಿಯಿಲ್ಲ. ಹಾಗಾಗಿ ಹಿಂದಿನ ದಿನವೇ ಹೋಗಿ ಹತ್ತಿರದಲ್ಲಿ ತಂಗಿದೆವು. ಬೆಳಗಿನ ಮೊದಲ ಸರದಿ ಕೇಳಿ ಪಡೆದಿದ್ದೆವು. ಬಿಸಿಲು ಏರಿರುವುದಿಲ್ಲ, ಜನ ಕಡಿಮೆ, ಕಾಯುವುದೂ ಕಡಿಮೆ. ನೀರಿಗೆ ಇಳಿಯುವ ಮುಂಚೆ ಸನ್‌ಸ್ಕ್ರೀನ್ ಹಚ್ಚಬಾರದೆಂಬ ನಿಯಮವಿದ್ದುದರಿಂದ ಉದ್ದ ತೋಳಿನ ಈಜುಡುಗೆ ಒಯ್ದಿದ್ದೆವು.

ನಾದಿನಿಯ ಮಗಳನ್ನು ತೇಲುವ ಚಾಪೆಯ ಮೇಲೆ ಮಲಗಿಸಿ ಇಬ್ಬರು ಹಿಡಿದರು. ಡಾಲ್ಫಿನ್ ಪಕ್ಕದಲ್ಲಿ ಎದ್ದು ಉಸಿರು ಬಿಟ್ಟಾಗ ಹನಿಗಳು ಮುಖಕ್ಕೆ ಸಿಡಿದು ಅವಳು ಗಟ್ಟಿಯಾಗಿ ನಕ್ಕಳು. “ಅತ್ತೆ, ಅದು ನನ್ನ ಮೇಲೆ ಸೀನ್ತು!” ಎಂದು ನನಗೆ ಕೂಗಿ ಹೇಳಿದಳು. ನನ್ನ ಮಗ ದಕ್ಕೆಯ ಮೆಟ್ಟಿಲಿನಲ್ಲಿ ಕೂತ. ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡ, ಟ್ಯಾಬ್ಲೆಟ್‌ನಲ್ಲಿ ‘ಬೇಡ’ ಒತ್ತಿದ. ತರಬೇತುದಾರ್ತಿ ಅವನನ್ನು ಎಳೆಯಲಿಲ್ಲ, ಹುರಿದುಂಬಿಸಲೂ ಇಲ್ಲ. ಡಾಲ್ಫಿನ್ನನ್ನು ಸ್ವಲ್ಪ ದೂರದಲ್ಲೇ ನಿಲ್ಲಿಸಿದರು. ಅವನು ಮೊಣಕಾಲಿನವರೆಗೆ ನೀರಲ್ಲಿ ಕಾಲಾಡಿಸುತ್ತ ಅದನ್ನೇ ನೋಡಿದ, ಸಮಯ ಮುಗಿಯುವತನಕ. ಮುಟ್ಟಲಿಲ್ಲ. ಅತ್ತೆ ಪಕ್ಕದಲ್ಲಿ ಸೀರೆ ಎತ್ತಿಕಟ್ಟಿ ಕೂತಿದ್ದರು. ಇಬ್ಬರಿಗೂ ಅಷ್ಟು ಸಾಕಾಗಿತ್ತು, ನನಗೂ ಸಾಕಾಗಿತ್ತು. ದೊಡ್ಡ ಮಗಳು ತನ್ನ ತಕರಾರು ಬಿಡದೆ ದಕ್ಕೆಯ ಮೇಲೆಯೇ ನಿಂತು ಫೋಟೊ ತೆಗೆದಳು. ಮಧ್ಯಾಹ್ನದ ಮೇಲೆ ಬೇರೇನನ್ನೂ ಇಟ್ಟುಕೊಂಡಿರಲಿಲ್ಲ. ಉಂಡು ಮಲಗಿದೆವು. ವಿಶೇಷ ಮಕ್ಕಳ ಪ್ರವಾಸದಲ್ಲಿ ಖಾಲಿ ಬಿಟ್ಟ ಅರ್ಧ ದಿನ ಟಿಕೆಟ್ಟಿನಷ್ಟೇ ಮುಖ್ಯ.

ಮಾತು ಬರಲಿಲ್ಲ, ಕಾಲಿನ ಬಿಗಿತ ಕಡಿಮೆಯಾಗಲಿಲ್ಲ. ಆದರೆ ಟಬ್ಬಿನಲ್ಲಿ ಶುರುವಾದ ಅಭ್ಯಾಸ ನಿಲ್ಲಲಿಲ್ಲ. ಲೈಫ್ ಜಾಕೆಟ್ ಹಾಕಲು ಒಪ್ಪಿದ ಹುಡುಗ ಊರಿನ ಈಜುಕೊಳಕ್ಕೂ ಬರತೊಡಗಿದ, ಈಗ ಬೆನ್ನ ಮೇಲೆ ತೇಲುತ್ತಾನೆ. ಆಟಿಸಂ ಇರುವ ಮಕ್ಕಳು ಯಾರಿಗೂ ಹೇಳದೆ ಮನೆಯಿಂದ ಹೊರಟುಬಿಡುವುದುಂಟು, ಅವರಲ್ಲಿ ಹಲವರನ್ನು ನೀರು ಸೆಳೆಯುತ್ತದೆ. ಅಂಥ ಮಕ್ಕಳ ಸಾವಿಗೆ ದೊಡ್ಡ ಕಾರಣಗಳಲ್ಲಿ ಮುಳುಗುವುದೂ ಒಂದು. ಕೊಳ, ಕಾಲುವೆಗಳಿಂದಲೇ ತುಂಬಿದ ಫ್ಲಾರಿಡಾದಲ್ಲಿ ಇದನ್ನು ನೆನೆಯದೆ ನಾನು ಮಲಗಿದ ರಾತ್ರಿಯಿಲ್ಲ.

ಆದ್ದರಿಂದ ಕನ್ನಡದ ಅಪ್ಪ-ಅಮ್ಮಂದಿರಲ್ಲಿ ನನ್ನ ಬೇಡಿಕೆ ಇಷ್ಟು. ಡಾಲ್ಫಿನ್ ಚಿಕಿತ್ಸೆಯ ಹೆಸರಿನಲ್ಲಿ ವಿದೇಶಕ್ಕೆ ಕರೆಯುವವರಿಗೆ ಸಾಲ ಮಾಡಿ ದುಡ್ಡು ಕಟ್ಟಬೇಡಿ. ಮಗುವಿಗೆ ಡಾಲ್ಫಿನ್ ತೋರಿಸುವ ಆಸೆಯಿದ್ದರೆ ಕಾರವಾರ, ಗೋಕರ್ಣ, ಮುರ್ಡೇಶ್ವರದ ಕಡಲಲ್ಲಿ ದೋಣಿಯಿಂದ ನೋಡಬಹುದು. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಹೋಗಿ, ಮಗುವಿನ ಅಳತೆಗೆ ಸರಿಯಾದ ಲೈಫ್ ಜಾಕೆಟ್ಟನ್ನು ಮನೆಯಿಂದಲೇ ಒಯ್ಯಿರಿ, ಡಾಲ್ಫಿನ್‌ಗಳನ್ನು ಅಟ್ಟಿಸಿಕೊಂಡು ಹೋಗಬೇಡಿ ಎಂದು ದೋಣಿಯವರಿಗೆ ಹೇಳಿ. ಅದಕ್ಕೂ ಮೊದಲು ನಿಮ್ಮ ಊರಿನಲ್ಲೇ ತಾಳ್ಮೆಯ ಈಜು ಶಿಕ್ಷಕರೊಬ್ಬರನ್ನು ಹುಡುಕಿ, ಮಗುವಿಗೆ ತೇಲುವುದನ್ನು ಕಲಿಸಿ.