ಮಡಿಚುವ ಮೊಬೈಲ್ ಫೋನ್: ಬಿಚ್ಚುವ ಕ್ರಮ, ಜೋಡಿಸುವ ಕ್ರಮ

ಮೊಬೈಲ್ ಫೋನುಗಳಲ್ಲಿ ಎರಡು ಜಾತಿ. ಒಂದು, ಪಾಟಿಯಂತೆ ಚಪ್ಪಟೆಯಾಗಿ ಒಂದೇ ತುಂಡಾಗಿರುವುದು. ಇನ್ನೊಂದು, ಪುಸ್ತಕದಂತೆ ತೆರೆದು ಮುಚ್ಚುವಂಥದು. ಈ ಎರಡನೆಯದನ್ನು ನಮ್ಮ ಜನ ಫೋಲ್ಡಿಂಗ್ ಸೆಟ್ ಎಂದು ಕರೆಯುತ್ತಾರೆ. ಮಡಗಾಂವಿನ ಪೇಟೆಯಲ್ಲಿ ಈಗ ಎಲ್ಲಿ ನೋಡಿದರೂ ದೊಡ್ಡ ಗಾಜಿನ ಫೋನುಗಳೇ ಕಾಣುತ್ತವೆ, ನಿಜ. ಆದರೂ ಫೋಲ್ಡಿಂಗ್ ಸೆಟ್ಟು ಮಾಯವಾಗಿಲ್ಲ. ವಯಸ್ಸಾದವರಿಗೆ ಅದೇ ಅನುಕೂಲ. ತೆರೆದರೆ ಮಾತು, ಮುಚ್ಚಿದರೆ ಮುಗಿಯಿತು. ಗುಂಡಿಗಳು ದೊಡ್ಡವು, ಕೈ ತಪ್ಪಿ ಯಾರಿಗೋ ಕರೆ ಹೋಗುವ ಭಯವಿಲ್ಲ.

ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದು ಇಲ್ಲಿ ನೆಲೆ ನಿಂತ ಕುಟುಂಬಗಳಿಗೆ ಫೋನು ಬರಿಯ ಆಟದ ವಸ್ತುವಲ್ಲ. ಅದು ಕೆಟ್ಟು ನಾಲ್ಕು ದಿನ ಮೂಲೆಯಲ್ಲಿ ಬಿದ್ದರೆ ಊರಿನ ಸುದ್ದಿ ನಿಲ್ಲುತ್ತದೆ. ಬ್ಯಾಂಕಿನಿಂದ ಓಟಿಪಿ ಬರುವುದಿಲ್ಲ. ಮೇಸ್ತ್ರಿ ಕೆಲಸಕ್ಕೆ ಕರೆದದ್ದು ತಿಳಿಯದೆ ಆ ದಿನದ ಕೂಲಿಯೂ ಹೋಗುತ್ತದೆ. ಎಷ್ಟೋ ಸಲ ಕೆಟ್ಟಿರುವುದು ಬೆರಳಗಲದ ಒಂದು ಪಟ್ಟಿ ಮಾತ್ರ. ಎಸೆಯುವುದು ಇಡೀ ಫೋನನ್ನು. ಆ ಪಟ್ಟಿ ಯಾವುದು, ಅದನ್ನು ತಲುಪುವ ದಾರಿ ಯಾವುದು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಮೊದಲು ಸ್ವಲ್ಪ ಇತಿಹಾಸ. ಕೈಯಲ್ಲಿ ಹಿಡಿಯುವ ಮೊಬೈಲ್ ಫೋನಿನಿಂದ ಮೊದಲ ಕರೆ ಮಾಡಿದವರು ಮೋಟೊರೋಲಾ ಕಂಪನಿಯ ಮಾರ್ಟಿನ್ ಕೂಪರ್. 1973ರ ಏಪ್ರಿಲ್ 3ರಂದು, ನ್ಯೂಯಾರ್ಕಿನಲ್ಲಿ. ಆ ಫೋನು ಒಂದು ಕಿಲೋಗ್ರಾಮಿಗಿಂತ ಹೆಚ್ಚು ತೂಗುತ್ತಿತ್ತು. ಕಿವಿಯಿಂದ ಬಾಯಿಯವರೆಗೆ ಇರುವ ದೂರವನ್ನು ಕಡಿಮೆ ಮಾಡಲಾಗದು, ಆದರೆ ಜೇಬು ಸಣ್ಣದು. ಹಾಗಾದರೆ ಫೋನನ್ನೇ ಮಡಿಚಿದರಾಯಿತು! 1996ರಲ್ಲಿ ಅದೇ ಕಂಪನಿ ಸ್ಟಾರ್‌ಟ್ಯಾಕ್ ಎಂಬ ಮಡಿಚುವ ಫೋನನ್ನು ತಂದಿತು. ತೂಕ 88 ಗ್ರಾಂ. 2004ರಲ್ಲಿ ಬಂದ ರೇಜರ್ ವಿ3 ಎಂಬುದು ಮುಚ್ಚಿದಾಗ 13.9 ಮಿಲಿಮೀಟರ್ ದಪ್ಪವಿತ್ತು; ಲೋಕದಲ್ಲೆಲ್ಲ ಅದಕ್ಕೆ ಹೆಸರು ಬಂತು. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕೋಲ್ಕತ್ತಾ ಮತ್ತು ದೆಹಲಿಗಳ ನಡುವೆ. ಮಡಿಚುವ ಫೋನುಗಳು ಅನಂತರವೂ ಬರುತ್ತಲೇ ಇವೆ. 2022ರಲ್ಲಿ ಬಂದ ನೋಕಿಯಾ 2660 ಫ್ಲಿಪ್‌ನಲ್ಲಿ ಬ್ಯಾಟರಿಯನ್ನು ಬೆರಳಿನಿಂದಲೇ ತೆಗೆಯಬಹುದು. ರಿಪೇರಿ ಕಲಿಯುವವನಿಗೆ ಇಂಥದು ಒಳ್ಳೆಯ ಗುರು. ಗಾಜಿನ ಪರದೆಯೇ ಮಡಿಚಿಕೊಳ್ಳುವ ದುಬಾರಿ ಫೋನುಗಳ ವಿಷಯ ಬೇರೆ. ಅವುಗಳ ತಂಟೆಗೆ ನಾವು ಹೋಗುವುದು ಬೇಡ.

ಈಗ ರಚನೆಯನ್ನು ನೋಡೋಣ. ಫೋಲ್ಡಿಂಗ್ ಸೆಟ್ಟಿಗೆ ಎರಡು ಅರ್ಧಗಳಿವೆ. ಕೆಳಗಿನ ಅರ್ಧದಲ್ಲಿ ಮುಖ್ಯ ಬೋರ್ಡು, ಗುಂಡಿಗಳು, ಬ್ಯಾಟರಿ, ಸಿಮ್ ಮತ್ತು ಮೈಕ್ ಇರುತ್ತವೆ. ಮೇಲಿನ ಅರ್ಧದಲ್ಲಿ ಪರದೆ ಮತ್ತು ಕಿವಿಯ ಸ್ಪೀಕರ್. ಎರಡನ್ನೂ ಹಿಡಿದಿರುವುದು ಬಾಗಿಲಿಗೆ ಇರುವಂಥ ಒಂದು ಬಿಜಾಗರಿ. ಬೋರ್ಡಿನಿಂದ ಪರದೆಗೆ ವಿದ್ಯುತ್ತು ಮತ್ತು ಸಂಕೇತಗಳು ಹೋಗಬೇಕಾದರೆ ಈ ಬಿಜಾಗರಿಯನ್ನು ದಾಟಲೇಬೇಕು. ಅದಕ್ಕಾಗಿ ಕಂದು ಬಣ್ಣದ, ಕಾಗದದಷ್ಟು ತೆಳುವಾದ ಒಂದು ಪಟ್ಟಿ ಇದೆ. ಅಂಗಡಿಯವರು ಇದನ್ನು ಸ್ಟ್ರಿಪ್ ಎನ್ನುತ್ತಾರೆ, ಫ್ಲೆಕ್ಸ್ ಎನ್ನುವುದೂ ಉಂಟು. ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ಕಿನ ಎರಡು ಪದರಗಳ ನಡುವೆ ಕೂದಲಿನಂಥ ತಾಮ್ರದ ಎಳೆಗಳು ಸಾಲಾಗಿ ಓಡುತ್ತವೆ. ಒಂದೊಂದು ಸ್ಟ್ರಿಪ್ಪಿನಲ್ಲಿ ಮೂವತ್ತು ನಲವತ್ತು ಎಳೆಗಳಿದ್ದರೂ ಆಶ್ಚರ್ಯವಿಲ್ಲ.

ಲೆಕ್ಕ ಹಾಕಿರಿ. ದಿನಕ್ಕೆ 40 ಸಲ ಫೋನನ್ನು ತೆರೆದು ಮುಚ್ಚಿದರೆ ವರ್ಷಕ್ಕೆ 14,600 ಸಲ ಆಯಿತು. ಅಷ್ಟು ಸಲವೂ ಆ ತಾಮ್ರ ಬಾಗಬೇಕು, ನೆಟ್ಟಗಾಗಬೇಕು. ಮನೆ ಕಟ್ಟುವಲ್ಲಿ ಸರಳುಗಳನ್ನು ಬಿಗಿಯಲು ಬೈಂಡಿಂಗ್ ತಂತಿ ಬಳಸುತ್ತಾರಲ್ಲ, ಅದರ ಒಂದು ತುಂಡನ್ನು ಒಂದೇ ಜಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ನೋಡಿ. ಸ್ವಲ್ಪ ಹೊತ್ತಿಗೆ ತುಂಡಾಗುತ್ತದೆ. ನೀವು ಅದನ್ನು ಎಳೆದಿಲ್ಲ, ಕತ್ತರಿಸಿಲ್ಲ. ಮತ್ತೆ ಮತ್ತೆ ಬಗ್ಗಿಸಿದಿರಿ, ಅಷ್ಟೆ. ಇದನ್ನು ಲೋಹದ ದಣಿವು ಎನ್ನುತ್ತಾರೆ. 1954ರಲ್ಲಿ ಬ್ರಿಟನ್ನಿನ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಬಿದ್ದದ್ದಕ್ಕೂ ಇದೇ ಕಾರಣವೆಂದು ತನಿಖೆಯಲ್ಲಿ ಕಂಡುಬಂತು. ಇನ್ನು, ಅದೇ ತಂತಿಯನ್ನು ಪೆನ್ಸಿಲಿಗೆ ಸುತ್ತಿ ಸುರುಳಿ ಮಾಡಿ, ಸುರುಳಿಯನ್ನು ಬಗ್ಗಿಸಿರಿ. ಬಹಳ ಹೊತ್ತು ತಡೆಯುತ್ತದೆ. ಬಾಗು ಒಂದೇ ಬಿಂದುವಿನಲ್ಲಿ ಕೂಡದೆ ಉದ್ದಕ್ಕೂ ಹಂಚಿಹೋಗುವುದೇ ಇದರ ಗುಟ್ಟು. ಆದ್ದರಿಂದಲೇ ಬಹಳಷ್ಟು ಫೋಲ್ಡಿಂಗ್ ಸೆಟ್ಟುಗಳಲ್ಲಿ ಸ್ಟ್ರಿಪ್ಪನ್ನು ಬಿಜಾಗರಿಯ ಟೊಳ್ಳಿನೊಳಗೆ ಒಂದೆರಡು ಸುತ್ತು ಸುತ್ತಿಟ್ಟಿರುತ್ತಾರೆ. ಈ ಸುತ್ತಿನ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿಡಿ.

ಸ್ಟ್ರಿಪ್ ಕೆಟ್ಟಿದೆಯೆಂದು ಬಿಚ್ಚುವ ಮುನ್ನವೇ ತಿಳಿಯಬಹುದೆ? ಖಂಡಿತ ತಿಳಿಯಬಹುದು. ಫೋನನ್ನು ನಿಧಾನವಾಗಿ ತೆರೆಯುತ್ತ ಹೋಗಿ. ಅರ್ಧ ತೆರೆದಾಗ ಪರದೆ ಬೆಳಗಿ, ಪೂರ್ತಿ ತೆರೆದಾಗ ಆರಿಹೋದರೆ ಅಥವಾ ಬಿಳಿಯಾದರೆ ಸ್ಟ್ರಿಪ್ಪಿನಲ್ಲಿ ಬಿರುಕಿದೆಯೆಂದು ತಿಳಿಯಿರಿ. ಗಂಟೆ ಬಾರಿಸುತ್ತದೆ, ಮಾತನಾಡಿದರೆ ಆ ಕಡೆಯವರಿಗೆ ಕೇಳಿಸುತ್ತದೆ, ನಮಗೆ ಮಾತ್ರ ಏನೂ ಕೇಳಿಸುವುದಿಲ್ಲ ಎಂದರೂ ಸಂಶಯ ಅಲ್ಲಿಗೇ ಹೋಗಬೇಕು. ಏಕೆಂದರೆ ಕಿವಿಯ ಸ್ಪೀಕರಿನ ಎಳೆಗಳೂ ಅದೇ ದಾರಿಯಲ್ಲಿ ಹೋಗುತ್ತವೆ. ಪರದೆ ಸರಿಯಿದ್ದು ಗುಂಡಿಗಳು ಮಾತ್ರ ಕೆಲಸ ಮಾಡದಿದ್ದರೆ ತಪ್ಪು ಕೆಳಗಿನ ಅರ್ಧದಲ್ಲಿದೆ. ಮುಚ್ಚಿದರೂ ಕರೆ ನಿಲ್ಲದಿದ್ದರೆ? ಮುಚ್ಚಳದಲ್ಲಿ ಒಂದು ಪುಟ್ಟ ಅಯಸ್ಕಾಂತವಿರುತ್ತದೆ, ಅದು ಹತ್ತಿರ ಬಂದುದನ್ನು ಬೋರ್ಡಿನ ಮೇಲಿನ ಹಾಲ್ ಸೆನ್ಸರ್ ಗುರುತಿಸುತ್ತದೆ. ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವೇ ಇದರ ಆಧಾರ. ಅಯಸ್ಕಾಂತ ಕಳಚಿ ಬಿದ್ದಿದ್ದರೆ, ಮುಚ್ಚಿದ್ದು ಫೋನಿಗೆ ಗೊತ್ತಾಗುವುದಿಲ್ಲ.

ಎಲ್ಲಕ್ಕೂ ಬಿಚ್ಚಬೇಕಾಗಿಲ್ಲ. ಬ್ಯಾಟರಿಯ ಹಿತ್ತಾಳೆ ಬಣ್ಣದ ತುದಿಗಳು ಮಂಕಾಗಿದ್ದರೆ ಪೆನ್ಸಿಲಿನ ರಬ್ಬರಿನಿಂದ ತಿಕ್ಕಿದರೆ ಸಾಕಾಗುತ್ತದೆ. ಚಾರ್ಜರ್ ಹಾಕುವ ತೂತಿನಲ್ಲಿ ಜೇಬಿನ ನೂಲು ತುಂಬಿದ್ದರೆ, ಬ್ಯಾಟರಿ ತೆಗೆದು, ಒಣ ಮರದ ಕಡ್ಡಿಯಿಂದ ಹಗುರವಾಗಿ ತೆಗೆಯಬಹುದು. ಇನ್ನೊಂದು ಮಾತನ್ನು ಮೊದಲೇ ಕೇಳಿಕೊಳ್ಳಬೇಕು: ಸರಿಮಾಡಿದ ಮೇಲೆ ಇದು ಕೆಲಸಕ್ಕೆ ಬರುತ್ತದೆಯೆ? ಬಹಳ ಹಳೆಯ ಸೆಟ್ಟುಗಳು 2ಜಿ ಜಾಲಕ್ಕೆ ಮಾಡಿದವು. ಜಿಯೋ ಜಾಲದಲ್ಲಿ 2ಜಿ ಇಲ್ಲ. ಆ ಸಿಮ್ಮು ಅವುಗಳಲ್ಲಿ ನಡೆಯದು. ಇದನ್ನು ನೋಡದೆ ಹಣ ಹಾಕಿದರೆ ವ್ಯರ್ಥ.

ಬಿಚ್ಚಲು ಕೂರುವ ಮುನ್ನ ಹೆಸರು ನಂಬರುಗಳನ್ನು ಸಿಮ್ಮಿಗೆ ನಕಲು ಮಾಡಿ, ಒಂದು ನೋಟುಪುಸ್ತಕದಲ್ಲೂ ಬರೆದಿಡಿ. ಪಾಲಕರು ಅಂಗಡಿಗೆ ಕೊಡುವಾಗಲೂ ಹೀಗೆಯೇ ಮಾಡಿ, ಸಿಮ್ಮು ಮತ್ತು ಮೆಮೊರಿ ಕಾರ್ಡುಗಳನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು. ವಿದ್ಯಾರ್ಥಿಗಳು ಮೊದಲ ಸಲ ಮನೆಯಲ್ಲಿ ನಡೆಯುತ್ತಿರುವ ಫೋನಿಗೆ ಕೈ ಹಾಕಲೇಬಾರದು. ಸತ್ತುಹೋದ ಸೆಟ್ಟೊಂದನ್ನು ಅಂಗಡಿಯಿಂದ ಕೇಳಿ ತಂದು, ದೊಡ್ಡವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಯಬೇಕು.

ಉಪಕರಣಗಳು ಹೆಚ್ಚೇನಿಲ್ಲ. ಆರು ಮೂಲೆಯ ನಕ್ಷತ್ರದಂಥ ತುದಿಯ ಟಿ5 ಮತ್ತು ಟಿ6 ಸ್ಕ್ರೂಡ್ರೈವರುಗಳು, ಸಣ್ಣದೊಂದು ನಾಲ್ಕು ಮೂಲೆಯದು, ಚಿಮಟ, ಭೂತಗನ್ನಡಿ, ಒಂದು ಮಲ್ಟಿಮೀಟರು. ಕವಚ ಬಿಡಿಸಲು ಲೋಹದ ಚೂರಿ ಬೇಡ. ಗಿಟಾರ್ ಮೀಟುವ ಪ್ಲಾಸ್ಟಿಕ್ ಬಿಲ್ಲೆ ಬಹಳ ಚೆನ್ನಾಗಿ ಆಗುತ್ತದೆ. ಗೋವೆಯಲ್ಲಿ ಅದಕ್ಕೆ ಬರವಿಲ್ಲ! ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿರಿ, ಬಿದ್ದ ತಿರುಪು ಕಾಣುತ್ತದೆ. ಪಕ್ಕದಲ್ಲಿ ಒಂದು ಹಾಳೆಯ ಮೇಲೆ ಫೋನಿನ ಚಿತ್ರ ಬರೆದು, ತೆಗೆದ ತಿರುಪನ್ನು ಚಿತ್ರದಲ್ಲಿ ಅದೇ ಜಾಗದಲ್ಲಿಡಿ. ಇದು ಸಣ್ಣ ವಿಷಯವೆಂದು ಅಲಕ್ಷ್ಯ ಮಾಡಬೇಡಿ. ತಿರುಪುಗಳೆಲ್ಲ ಒಂದೇ ಉದ್ದವಿರುವುದಿಲ್ಲ. ಗಿಡ್ಡ ತಿರುಪಿನ ಜಾಗಕ್ಕೆ ಉದ್ದದ್ದನ್ನು ಹಾಕಿ ಬಿಗಿದರೆ ಅದು ಬೋರ್ಡನ್ನೇ ಕೊರೆಯುತ್ತದೆ. ಆಗ ಸ್ಟ್ರಿಪ್ ಬದಲಿಸಲು ಹೋಗಿ ಫೋನನ್ನೇ ಕೊಂದಂತಾಗುತ್ತದೆ.

ಬ್ಯಾಟರಿಯನ್ನೂ ಸಿಮ್ಮನ್ನೂ ತೆಗೆದ ಮೇಲೆ ನಲ್ಲಿಯಂಥ ಯಾವುದಾದರೂ ದೊಡ್ಡ ಲೋಹವನ್ನು ಮುಟ್ಟಿ ಮೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಬಿಟ್ಟುಬಿಡಿ. ಬಳಿಕ ಕೆಳಗಿನ ಅರ್ಧದ ತಿರುಪುಗಳನ್ನು ತೆಗೆಯಿರಿ. ಕೆಲವು ತಿರುಪುಗಳು ರಬ್ಬರಿನ ಬಿರಡೆಗಳ ಕೆಳಗೆ ಅಥವಾ ಚೀಟಿಯ ಕೆಳಗೆ ಅಡಗಿರುತ್ತವೆ. ಕವಚ ಏಳಲಿಲ್ಲವೆಂದರೆ ಬಲ ಪ್ರಯೋಗಿಸಬೇಡಿ, ಇನ್ನೊಂದು ತಿರುಪು ಎಲ್ಲೋ ಉಳಿದಿದೆ. ಕವಚದ ಸುತ್ತ ಕೊಕ್ಕೆಗಳಿರುತ್ತವೆ. ತಳದ ಅಂಚಿನಿಂದ ಆರಂಭಿಸಿ ಬಿಲ್ಲೆಯನ್ನು ಸರಿಸುತ್ತ ಒಂದೊಂದಾಗಿ ಬಿಡಿಸಿ. ಬೋರ್ಡು ಕಂಡ ಮೇಲೆ ಸ್ಟ್ರಿಪ್ಪಿನ ತುದಿಯ ಕನೆಕ್ಟರ್ ಯಾವ ಬಗೆಯದೆಂದು ಭೂತಗನ್ನಡಿಯಲ್ಲಿ ನೋಡಬೇಕು. ಅಂಗಿಯ ಟಿಚ್ ಗುಂಡಿಯಂತೆ ಒತ್ತಿ ಕೂರಿಸುವ ಬಗೆಯಾದರೆ ನೇರವಾಗಿ ಮೇಲಕ್ಕೆ ಎತ್ತಬೇಕು. ಚಿಕ್ಕ ಚಿಲಕವಿರುವ ಬಗೆಯಾದರೆ ಮೊದಲು ಚಿಲಕ ಎಬ್ಬಿಸಿ, ಆಮೇಲೆ ಪಟ್ಟಿಯನ್ನು ಜಾರಿಸಬೇಕು. ಪಟ್ಟಿಯನ್ನು ಹಿಡಿದು ಎಳೆಯುವುದು ಮಾತ್ರ ಎಂದಿಗೂ ಕೂಡದು.

ಮೇಲಿನ ಅರ್ಧವೂ ಹೀಗೆಯೇ. ಮುಚ್ಚಿದಾಗ ತಾಕದಿರಲೆಂದು ಇಟ್ಟ ರಬ್ಬರಿನ ಚುಕ್ಕೆಗಳ ಕೆಳಗೆ ತಿರುಪುಗಳಿರುತ್ತವೆ. ಹೊರಗೂ ಒಂದು ಸಣ್ಣ ಪರದೆ ಇರುವ ಸೆಟ್ಟಾದರೆ ಎರಡು ಪರದೆಗಳೂ ಬೆನ್ನಿಗೆ ಬೆನ್ನು ಕೊಟ್ಟು ಕೂತಿರುತ್ತವೆ. ಗಾಜನ್ನು ಬೆರಳಿನಿಂದ ಒತ್ತಬಾರದು.

ಈಗ ಬಿಜಾಗರಿ. ಇದೇ ಕಷ್ಟದ ಭಾಗ, ಇಲ್ಲಿ ಅವಸರ ಮಾಡುವವರೇ ಹೆಚ್ಚು. ಒಂದು ಬದಿಯಲ್ಲಿ ಸ್ಪ್ರಿಂಗ್ ಇರುವ ಸಣ್ಣ ಕೊಳವೆ ಇದೆ. ಫೋನು ತೆರೆದಾಗ ಟಕ್ಕೆಂದು ನಿಲ್ಲುವುದೂ, ಮುಚ್ಚಿದಾಗ ಟಕ್ಕೆಂದು ಕೂರುವುದೂ ಇದರಿಂದಲೇ. ಇದರ ತುದಿಯನ್ನು ಒಳಕ್ಕೆ ಒತ್ತಿ ಜಾರಿಸಿದರೆ ಹೊರಬರುತ್ತದೆ; ಆದರೆ ಸ್ಪ್ರಿಂಗ್ ಹಾರುವ ಸಂಭವವುಂಟು, ಮುಖವನ್ನು ದೂರ ಇಟ್ಟುಕೊಳ್ಳಿ, ಕನ್ನಡಕವಿದ್ದರೆ ಹಾಕಿಕೊಳ್ಳಿ. ಇನ್ನೊಂದು ಬದಿಯ ಟೊಳ್ಳಿನಲ್ಲಿ ಸ್ಟ್ರಿಪ್ ಇರುತ್ತದೆ. ಅದನ್ನು ಹೊರತೆಗೆಯುವ ಮುಂಚೆ ಎಷ್ಟು ಸುತ್ತು ಇದೆ, ಯಾವ ದಿಕ್ಕಿಗೆ ಸುತ್ತಿದೆ ಎಂದು ನೋಡಿ ಹಾಳೆಯ ಮೇಲೆ ಚಿತ್ರ ಬರೆದುಕೊಳ್ಳಿ. ಹೊಸದನ್ನು ಅಷ್ಟೇ ಸುತ್ತು, ಅದೇ ದಿಕ್ಕಿಗೆ ಸುತ್ತಿ ಕೂರಿಸಬೇಕು. ಉಲ್ಟಾ ಸುತ್ತಿದರೂ ಪರದೆ ಆ ದಿನ ಬೆಳಗುತ್ತದೆ, ಗಿರಾಕಿ ಹಣ ಕೊಟ್ಟು ಹೋಗುತ್ತಾನೆ. ಆದರೆ ತೆರೆದಾಗಲೆಲ್ಲ ಪಟ್ಟಿ ಬಿಗಿದು ಬಿಗಿದು, ಸ್ವಲ್ಪ ದಿನದಲ್ಲೇ ಮತ್ತೆ ಹರಿಯುತ್ತದೆ. ರಿಪೇರಿ ಮಾಡಿಸಿದ ಸೆಟ್ಟು ಮತ್ತೆ ಕೆಟ್ಟಿತು ಎಂದು ಜನ ಬೈಯುವುದಕ್ಕೆ ಇದೂ ಒಂದು ಕಾರಣ.

ಜೋಡಿಸುವಾಗ ತಿರುಪುಗಳನ್ನೆಲ್ಲ ಬಿಗಿದು ಆಮೇಲೆ ಪರೀಕ್ಷಿಸುವುದು ತಪ್ಪು ಕ್ರಮ. ಎರಡು ತಿರುಪು ಹಾಕಿ, ಬ್ಯಾಟರಿ ಇಟ್ಟು, ಹತ್ತು ಸಲ ನಿಧಾನವಾಗಿ ತೆರೆದು ಮುಚ್ಚಿ. ಪ್ರತಿ ಕೋನದಲ್ಲೂ ಪರದೆ ಬೆಳಗಬೇಕು. ಒಂದು ಕರೆ ಮಾಡಿ ಕಿವಿಯ ಸ್ಪೀಕರನ್ನು ಕೇಳಿ, ಮುಚ್ಚಿದಾಗ ಕರೆ ನಿಲ್ಲುತ್ತದೆಯೆ ನೋಡಿ. ಆಮೇಲೆ ಉಳಿದ ತಿರುಪು.

ಬ್ಯಾಟರಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಇದು ಲಿಥಿಯಂ ಅಯಾನ್ ಬ್ಯಾಟರಿ. ಸಾಮಾನ್ಯವಾಗಿ 3.7 ವೋಲ್ಟ್, ಪೂರ್ತಿ ತುಂಬಿದಾಗ 4.2 ವೋಲ್ಟ್. ಉಬ್ಬಿದ ಬ್ಯಾಟರಿಯೊಳಗೆ ಅನಿಲ ತುಂಬಿರುತ್ತದೆ. ಅದನ್ನು ಚುಚ್ಚುವುದು, ಒತ್ತುವುದು, ಮತ್ತೆ ಚಾರ್ಜ್ ಮಾಡುವುದು ಬೆಂಕಿಗೆ ಆಹ್ವಾನ. ಶೆಡ್ಡಿನ ಮನೆಗಳಲ್ಲಿ ಹಾಸಿಗೆಯ ಪಕ್ಕದಲ್ಲೇ ಚಾರ್ಜಿಗೆ ಹಾಕಿ ಮಲಗುವವರಿದ್ದಾರೆ. ತಾಯಂದಿರು ಇದನ್ನು ದಯವಿಟ್ಟು ಗಮನಿಸಬೇಕು. ಹಾಳಾದ ಬ್ಯಾಟರಿ ಒಲೆಗೂ ಬೇಡ, ಕಸದ ಬುಟ್ಟಿಗೂ ಬೇಡ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಬೇಕು.

ಇನ್ನು ಮಳೆ. ಬಾಗಲಕೋಟೆಯ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ ಗೋವೆಯಲ್ಲಿ ಸುಮಾರು 3,000. ಊರಲ್ಲಿ ಬಾಳಿದ ಸೆಟ್ಟು ಇಲ್ಲಿ ಹಸಿರುಗಟ್ಟುತ್ತದೆ. ನೀರು ಒಂದೇ ಶತ್ರುವಲ್ಲ. ನೀರು ಮತ್ತು ಬ್ಯಾಟರಿ ಕೂಡಿದಾಗ ನಿಮ್ಮ ಪಠ್ಯದಲ್ಲಿರುವ ವಿದ್ಯುದ್ವಿಭಜನೆ ನಡೆದು ತಾಮ್ರ ಕರಗುತ್ತದೆ. ಆದ್ದರಿಂದ ನೆನೆದ ಕೂಡಲೆ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿ ತೆಗೆಯುವುದು. ಆನ್ ಆಗುತ್ತದೆಯೋ ಎಂದು ಗುಂಡಿ ಒತ್ತಿ ನೋಡಬೇಡಿ. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವುದರಿಂದ ಒಳಗಿನ ಉಪ್ಪು, ಕೊಳೆ ಹೋಗುವುದಿಲ್ಲ; ಅಕ್ಕಿಯ ಹುಡಿ ಮಾತ್ರ ಒಳಗೆ ಸೇರುತ್ತದೆ. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್ ಎಂಬ ದ್ರವದಲ್ಲಿ ಮೆತ್ತನೆಯ ಬ್ರಷ್ ಅದ್ದಿ ಬೋರ್ಡನ್ನು ತೊಳೆಯಬೇಕು. ಅಂಗಡಿಯವರು ಇದನ್ನು ಐಪಿಎ ಎನ್ನುತ್ತಾರೆ. ಬೇಗ ಬೆಂಕಿ ಹಿಡಿಯುವ ವಸ್ತು, ದೀಪದ ಹತ್ತಿರ ಇಡಬಾರದು. ಕೋಲ್ವಾ ಸಮುದ್ರದಲ್ಲಿ ಬಿದ್ದದ್ದಾದರೆ ಇಷ್ಟು ಸಾಲದು. ಉಪ್ಪು ಆ ದ್ರವದಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು, ನೀರಿನಲ್ಲಿ ಕರಗುತ್ತದೆ. ಆದ್ದರಿಂದ ಬೋರ್ಡನ್ನು ಮೊದಲು ಭಟ್ಟಿ ಇಳಿಸಿದ ನೀರಿನಲ್ಲಿ, ಆಮೇಲೆ ಐಪಿಎಯಲ್ಲಿ ತೊಳೆದು ಪೂರ್ತಿ ಒಣಗಿಸಬೇಕು.

ತೆಗೆದ ಹಳೆಯ ಸ್ಟ್ರಿಪ್ಪನ್ನು ಎಸೆಯದೆ ಶಾಲೆಯ ವಿಜ್ಞಾನ ಕೋಣೆಗೆ ತನ್ನಿ. ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಬಾಗುವ ಜಾಗದಲ್ಲಿ ಕೂದಲಿಗಿಂತ ಸಣ್ಣ ಬಿರುಕು ಕಾಣುತ್ತದೆ, ಹೆಚ್ಚಾಗಿ ಅಂಚಿನ ಎಳೆಗಳಲ್ಲಿ. ಮಲ್ಟಿಮೀಟರನ್ನು ಪೀ ಎನ್ನುವ ಗುರುತಿಗೆ ತಿರುಗಿಸಿ, ಒಂದೊಂದು ಎಳೆಯ ಎರಡು ತುದಿಗಳನ್ನು ಮುಟ್ಟಿಸಿ, ಎಷ್ಟು ಎಳೆಗಳು ಕೂಗುವುದಿಲ್ಲ ಎಂದು ಎಣಿಸಿರಿ.